ಹಾಡುಗಳಿವೆ, ಸರದಿ ಇಲ್ಲ: ಹಳೆಯ ಹಾಡುಗಳ ರೇಡಿಯೊ ಪೆಟ್ಟಿಗೆಯನ್ನು ವರ್ಷಗಟ್ಟಲೆ ಬಳಸಿದ ಮೇಲೆ

ಹಳೆಯ ಹಾಡುಗಳನ್ನು ಒಳಗೇ ತುಂಬಿಕೊಂಡು ಬರುವ ರೇಡಿಯೊ ಆಕಾರದ ಪೆಟ್ಟಿಗೆಯಲ್ಲಿ ಎಷ್ಟು ಹಾಡುಗಳಿವೆ, ಸ್ಪೀಕರ್ ಎಷ್ಟು ವ್ಯಾಟ್‌ನದು, ಬ್ಲೂಟೂತ್ ಎಷ್ಟು ದೂರದವರೆಗೆ ಹಿಡಿಯುತ್ತದೆ ಎಂಬುದನ್ನು ಕೊಳ್ಳುವವರೆಲ್ಲ ಮೊದಲೇ ನೋಡಿಕೊಂಡಿರುತ್ತಾರೆ. ಆ ವಿವರಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಇಂಥ ಪೆಟ್ಟಿಗೆಗಳನ್ನು ಹಲವು ಕಂಪನಿಗಳು ಮಾರುತ್ತವೆ, ಬಂಧುಗಳ ಮನೆಗಳಲ್ಲಿ ಬೇರೆ ಬೇರೆ ಮಾದರಿಗಳನ್ನು ಕೇಳಿದ್ದೇನೆ, ನಾನು ಹೇಳಲಿರುವ ಕೊರತೆ ಅವೆಲ್ಲದರಲ್ಲಿಯೂ ಇತ್ತು; ಆದ್ದರಿಂದ ನನ್ನದು ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ. ಆ ಕೊರತೆ ಇಷ್ಟೇ: ಈ ಪೆಟ್ಟಿಗೆಯಲ್ಲಿ ಹಾಡುಗಳಿವೆ, ಅವುಗಳ ಸರದಿ ಇಲ್ಲ.

ಚಿಕ್ಕ ವಿಷಯವೆಂದು ಕಾಣಬಹುದು. ಆದರೆ ಬಾಲ್ಯದಲ್ಲಿ ಕೇಳಿದ ಸಂಗೀತ ನನ್ನ ವಯಸ್ಸಿನವರ ನೆನಪಿನಲ್ಲಿ ಬಿಡಿಬಿಡಿ ಹಾಡುಗಳಾಗಿ ಉಳಿದಿಲ್ಲ. ಗದಗಿನ ನಮ್ಮ ಮನೆಯಲ್ಲಿದ್ದ ದಾಸರ ಪದಗಳ ಕ್ಯಾಸೆಟ್‌ನಲ್ಲಿ ಭೀಮಸೇನ ಜೋಶಿಯವರು ಒಂದು ಪದವನ್ನು ಮುಗಿಸಿ, ತಂಬೂರಿಯ ನಾದ ಕರಗಿ, ಟೇಪಿನ ಸಣ್ಣ ಸರಸರ ಸದ್ದು ಮಾತ್ರ ಉಳಿಯುತ್ತಿದ್ದ ಎರಡು ಮೂರು ಸೆಕೆಂಡುಗಳಲ್ಲಿಯೇ ಮುಂದಿನ ಪದದ ಮೊದಲ ಸ್ವರ ನಮ್ಮ ಕಿವಿಯಲ್ಲಿ ತಾನಾಗಿ ಹುಟ್ಟಿಬಿಡುತ್ತಿತ್ತು. ಆ ನಿರೀಕ್ಷೆಯೂ ಹಾಡಿನ ಭಾಗವೇ ಆಗಿತ್ತು. ಪೆಟ್ಟಿಗೆ ತಂದ ಹೊಸದರಲ್ಲಿ ಅವ್ವ ಒಂದು ಪದವನ್ನು ಕಣ್ಣು ಮುಚ್ಚಿ ಕೇಳಿ, ಅದರ ಬೆನ್ನಿಗೆ ಯಾವುದೋ ಸಿನಿಮಾ ಯುಗಳಗೀತೆ ಬಂದಾಗ ಕಣ್ಣು ತೆರೆದು, "ಇದು ಮುಗದ ಮ್ಯಾಲ ಅದಽ ಬರಬೇಕಲ್ಲೋ?" ಎಂದು ಕೇಳಿದಳು. "ಅದು" ಯಾವುದೆಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಪೆಟ್ಟಿಗೆಗೆ ಮಾತ್ರ ಗೊತ್ತಿರಲಿಲ್ಲ.

ಶಾಸ್ತ್ರೀಯ ಸಂಗೀತದ ವಿಭಾಗದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಹಿಂದೂಸ್ತಾನಿ ಪದ್ಧತಿಯಲ್ಲಿ ರಾಗಗಳಿಗೆ ಹೊತ್ತು ಗೊತ್ತಿದೆ: ನಸುಕಿನಲ್ಲಿ ಭೈರವ, ಹೊತ್ತೇರಿದ ಮೇಲೆ ತೋಡಿ, ನಡುಹಗಲಿಗೆ ಸಾರಂಗ, ಹೊತ್ತು ಮುಳುಗುವಾಗ ಮಾರವಾ, ದೀಪ ಹಚ್ಚಿದ ಮೇಲೆ ಯಮನ್, ನಡುರಾತ್ರಿಗೆ ಮಾಲಕಂಸ. ಕಛೇರಿ ಭೈರವಿ ರಾಗದಲ್ಲಿ ಮುಗಿಯುತ್ತದೆ. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗ ನಾವು ಗೆಳೆಯರು ಕುಂದಗೋಳದ ನಾಡಗೀರ ವಾಡೆಯಲ್ಲಿ ಭೀಮಸೇನರ ಗುರು ಸವಾಯಿ ಗಂಧರ್ವರ ಪುಣ್ಯತಿಥಿಗಾಗಿ ನಡೆಯುವ ಸಂಗೀತೋತ್ಸವಕ್ಕೆ ಹೋಗಿ ರಾತ್ರಿಯಿಡೀ ಕೂರುತ್ತಿದ್ದೆವು. ಅಲ್ಲಿ ಭೈರವಿ ಕಿವಿಗೆ ಬಿದ್ದರೆ ಎದ್ದು ಚಾದರ ಮಡಚಿ ಹೊರಡುವ ಹೊತ್ತಾಯಿತೆಂದು ಅರ್ಥ, ಹೊರಗೆ ಬೆಳಗಾಗಿರುತ್ತಿತ್ತು. ಈ ಪೆಟ್ಟಿಗೆ ಸಂಜೆ ಏಳಕ್ಕೆ ಭೈರವಿಯನ್ನು ಹಾಡಿಸಿ, ಅದಾದ ಮೇಲೆ ತೋಡಿಯನ್ನು ಹಾಡಿಸುತ್ತದೆ. ಇದರಲ್ಲಿ ಹಾಡುವವರ ದೋಷವಿಲ್ಲ, ಧ್ವನಿಯೂ ಸ್ವಚ್ಛವಾಗಿದೆ, ಆದರೂ ಅಂಥ ಸಂಜೆ ನಾನು ಗುಂಡಿ ಒತ್ತಿ ನಿಲ್ಲಿಸಿಬಿಡುತ್ತೇನೆ. ರಾಗಗಳನ್ನು ಹೊತ್ತಿಗೆ ತಕ್ಕಂತೆ ವಿಂಗಡಿಸಿ ಬೆಳಗು, ಮಧ್ಯಾಹ್ನ, ಸಂಜೆ, ರಾತ್ರಿ ಎಂದು ನಾಲ್ಕು ಗುಂಪು ಮಾಡುವುದು ತಯಾರಕರಿಗೆ ಎಷ್ಟು ಮಾತ್ರದ ಕೆಲಸ! ಕಲಾವಿದರ ಹೆಸರಿನಲ್ಲಿ ಗುಂಪು ಮಾಡಿದ್ದಾರೆ, ಹಬ್ಬಗಳ ಹೆಸರಿನಲ್ಲಿ ಮಾಡಿದ್ದಾರೆ, ಹೊತ್ತಿನ ಲೆಕ್ಕ ಮಾತ್ರ ಯಾರಿಗೂ ಹೊಳೆದಿಲ್ಲ.

ಇಲ್ಲಿ ಒಂದು ದೂರಿನ ಬಗ್ಗೆ ಕಂಪನಿಗಳ ಪರವಾಗಿಯೂ ಹೇಳಬೇಕು. ಹಿರಿಯ ಗಾಯಕರ ಹಾಡುಗಳನ್ನು ಕತ್ತರಿಸಿ ಮೂರು ನಿಮಿಷಕ್ಕೆ ಇಳಿಸಿದ್ದಾರೆಂದು ಹಲವರು ಬೇಸರಪಡುತ್ತಾರೆ. ಗಂಗೂಬಾಯಿ ಹಾನಗಲ್ ಅವರಾಗಲಿ ಮಲ್ಲಿಕಾರ್ಜುನ ಮನ್ಸೂರರಾಗಲಿ ಹಾಡಲು ಆರಂಭಿಸಿದ ಕಾಲದಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಗಳು ಬಳಕೆಯಲ್ಲಿದ್ದವು, ಅದರ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದೇ ಮೂರು, ಮೂರೂವರೆ ನಿಮಿಷ. ಅಷ್ಟರೊಳಗೆ ರಾಗದ ಮುಖ ಕಾಣಿಸಿ ಮುಗಿಸುವ ಕಲೆಯನ್ನು ಅವರು ಸಾಧಿಸಿಕೊಂಡಿದ್ದರು. ಗಂಗೂಬಾಯಿಯವರು ಆಗ "ಗಾಂಧಾರಿ ಹುಬ್ಬಳ್ಳಿ" ಎಂಬ ಹೆಸರಿನಲ್ಲಿ ಹಾಡಿದ ತಟ್ಟೆಗಳಲ್ಲಿ ಅವರ ದನಿ ತೆಳುವಾಗಿ, ಎತ್ತರದಲ್ಲಿ ಇದೆ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಬಂದ ಗಂಭೀರ ದನಿಯನ್ನಷ್ಟೇ ಕೇಳಿ ಬೆಳೆದ ನಮಗೆ ಅದು ಇನ್ನೊಬ್ಬರ ದನಿಯೆನಿಸುತ್ತದೆ. ಅಂಥ ಹಾಡು ಚಿಕ್ಕದಾಗಿದ್ದರೆ ಅದು ಇದ್ದದ್ದೇ ಅಷ್ಟು.

ಸಿನಿಮಾ ಹಾಡುಗಳ ವಿಭಾಗದಲ್ಲಿ ನನ್ನ ತಕರಾರು ಬೇರೆ. ರಾಜಕುಮಾರ್ ಎಂಬ ಒಂದೇ ಗುಂಪಿನಲ್ಲಿ ಎಲ್ಲ ಕಾಲದ ಹಾಡುಗಳನ್ನು ಕಲಸಿದ್ದಾರೆ. ಅವರಿಗೆ ಬಹುಕಾಲ ಪಿ.ಬಿ. ಶ್ರೀನಿವಾಸ್ ಅವರ ಕಂಠವಿತ್ತು, 1974ರಿಂದ ಈಚೆಗೆ ಅವರು ತಾವೇ ಹಾಡತೊಡಗಿದರು. ನನಗಿಂತ ಸಾಕಷ್ಟು ದೊಡ್ಡವನಾದ ನಮ್ಮ ಅಣ್ಣನಿಗೆ ರಾಜಕುಮಾರ್ ಎಂದರೆ ಶ್ರೀನಿವಾಸರ ಮೃದು ದನಿ. ನನಗೆ ರಾಜಕುಮಾರರದೇ ತುಂಬುಗಂಠ. ಹತ್ತರಿಂದ ಮೂವತ್ತು ವರ್ಷ ವಯಸ್ಸಿನ ನಡುವಿನ ನೆನಪುಗಳು ಮುಂದೆ ಹೆಚ್ಚು ಗಟ್ಟಿಯಾಗಿ ಉಳಿಯುತ್ತವೆಂದು ಮನಶ್ಶಾಸ್ತ್ರಜ್ಞರು ಹೇಳುವುದನ್ನು ಒಪ್ಪಿದರೆ, ಒಂದೇ ಮನೆಯ ಇಬ್ಬರು ಅಣ್ಣತಮ್ಮಂದಿರಿಗೂ ಬೇಕಾಗುವ ಹಾಡುಗಳು ಬೇರೆಬೇರೆ. ಇಸವಿಯ ಪ್ರಕಾರ ಹಾಡು ಆರಿಸಿಕೊಳ್ಳುವ ಒಂದು ಗುಂಡಿ ಇದ್ದಿದ್ದರೆ ಸಾಕಿತ್ತು.

ಮೊದಲ ಕೆಲವು ತಿಂಗಳು ಈ ಎಲ್ಲ ಕಾರಣಗಳಿಗಾಗಿ ಪೆಟ್ಟಿಗೆಯನ್ನು ಕಪಾಟಿನ ಮೇಲಿಟ್ಟು ಮರೆತದ್ದೂ ಉಂಟು. ನಾನು ನಿವೃತ್ತ ಶಿಕ್ಷಕ. ಪಿಂಚಣಿಯಲ್ಲಿ ಆರು ಸಾವಿರದಷ್ಟನ್ನು ಹೀಗೆ ಸುಮ್ಮನೆ ಕೂರಿಸುವುದು ಮನಸ್ಸಿಗೆ ಒಗ್ಗುವ ಮಾತಲ್ಲ. ಹಿಂಬದಿಯ ಪೆನ್ ಡ್ರೈವ್ ಕಿಂಡಿಯ ಬಗ್ಗೆ ಕೈಪಿಡಿಯಲ್ಲಿ ಒಂದೇ ಸಾಲು ಇತ್ತು. ನನ್ನ ಅಭಿಪ್ರಾಯ ಬದಲಾದದ್ದು ಆ ಕಿಂಡಿಯಿಂದ.

ಮನೆಯಲ್ಲಿ ಉಳಿದಿದ್ದ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ನಿರ್ಧರಿಸಿ, ಅಪ್ಪನ ಕಾಲದ ಟೇಪ್ ರೆಕಾರ್ಡರನ್ನು ಹುಬ್ಬಳ್ಳಿಯಲ್ಲಿ ರಿಪೇರಿ ಮಾಡಿಸಿದೆ. ರಬ್ಬರ್ ಬೆಲ್ಟ್ ಸಡಿಲಾಗಿತ್ತು, ಹೊಸದನ್ನು ಹಾಕಿಸಬೇಕಾಯಿತು. ಅದರ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಹೊರಗಿನ ಧ್ವನಿ ಹೋಗುವ ಲೈನ್ ಇನ್ ತೂತಿಗೆ ಒಂದು ಸಾಧಾರಣ ಕೇಬಲ್ ಹಾಕಿ, ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಧ್ವನಿಯನ್ನು ಹಿಡಿಯುತ್ತೇನೆ. ಅರವತ್ತು ನಿಮಿಷದ ಕ್ಯಾಸೆಟ್ ಇಳಿಸಲು ಅರವತ್ತು ನಿಮಿಷವೇ ಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ಆದ್ದರಿಂದ ಈ ಕೆಲಸ ನನ್ನ ಮಧ್ಯಾಹ್ನಗಳ ನೇಮವಾಗಿದೆ. ಊಟವಾದ ಮೇಲೆ ಹತ್ತಿಯನ್ನು ಕಡ್ಡಿಗೆ ಸುತ್ತಿ, ಐಸೊಪ್ರೊಪೈಲ್ ಸ್ಪಿರಿಟ್‌ನಲ್ಲಿ ಅದ್ದಿ, ಟೇಪಿನಿಂದ ಧ್ವನಿಯನ್ನು ಓದುವ ಹೆಡ್ಡನ್ನೂ ಟೇಪನ್ನು ಎಳೆಯುವ ಉರುಳೆಯನ್ನೂ ಒರೆಸುತ್ತೇನೆ. ಹತ್ತಿಗೆ ಕಂದು ಪುಡಿ ಹತ್ತುವುದು ನಿಲ್ಲುವವರೆಗೂ ಒರೆಸುತ್ತೇನೆ. ಬಹುದಿನ ಬಿಚ್ಚದೆ ಇಟ್ಟ ಕ್ಯಾಸೆಟ್‌ನಲ್ಲಿ ಟೇಪಿನ ಸುತ್ತುಗಳು ಒಂದಕ್ಕೊಂದು ಅಂಟಿರಬಹುದಾದ್ದರಿಂದ, ಅದನ್ನು ಮೊದಲು ಕೊನೆಯವರೆಗೆ ಮುಂದಕ್ಕೆ ಓಡಿಸಿ ಮತ್ತೆ ಹಿಂದಕ್ಕೆ ಸುತ್ತುತ್ತೇನೆ. ದನಿ ಕಂಬಳಿ ಹೊದ್ದು ಮಾತಾಡಿದ ಹಾಗೆ ಮಂಕಾಗಿ ಕೇಳಿಸಿದರೆ, ಹೆಡ್ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತೇನೆ; ಹೆಡ್ಡಿನ ಕೋನ ಟೇಪಿಗೆ ಸರಿಹೊಂದಿದ ಕ್ಷಣದಲ್ಲಿ ಮಂಜೀರದ ಕಿಣಿಕಿಣಿ ಸ್ಪಷ್ಟವಾಗುತ್ತದೆ. ಇಷ್ಟಾದ ಮೇಲೆ ಅವ್ವ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾಳೆ.

ಹಾಡುಗಳನ್ನು ನಾನು ಬಿಡಿಸುವುದಿಲ್ಲ. ಕ್ಯಾಸೆಟ್‌ನ ಒಂದು ಬದಿಗೆ ಒಂದೇ ಕಡತ, ನಡುವಣ ಮೌನವೂ ಸರಸರ ಸದ್ದೂ ಅದರಲ್ಲಿಯೇ ಇರಬೇಕು. ಸದ್ದು ತೆಗೆಯುವ ಸೌಲಭ್ಯ ತಂತ್ರಾಂಶದಲ್ಲಿದೆ, ಒಮ್ಮೆ ಬಳಸಿ ನೋಡಿದೆ. ತಂಬೂರಿಯ ನಾದದ ಅಂಚು ಒರಟಾದಂತೆ ಕೇಳಿಸಿದ್ದರಿಂದ ಬಿಟ್ಟೆ. ಪೆನ್ ಡ್ರೈವಿನಲ್ಲಿ ಈ ಕಡತಗಳನ್ನು ಜೋಡಿಸುವಾಗ ಒಂದು ವಿಷಯ ಗಮನದಲ್ಲಿರಲಿ: ನನ್ನ ಪೆಟ್ಟಿಗೆ ಕಡತಗಳ ಹೆಸರನ್ನಾಗಲಿ ಅಂಕಿಯನ್ನಾಗಲಿ ನೋಡುವುದಿಲ್ಲ, ಯಾವುದು ಮೊದಲು ನಕಲಾಯಿತೋ ಅದನ್ನು ಮೊದಲು ಹಾಡಿಸುತ್ತದೆ. ಆದ್ದರಿಂದ ಬೇಕಾದ ಸರದಿಯಲ್ಲಿಯೇ ಒಂದೊಂದಾಗಿ ನಕಲು ಮಾಡಬೇಕು. ಪೆನ್ ಡ್ರೈವನ್ನು ಮೊದಲು ಫ್ಯಾಟ್ 32 ಮಾದರಿಗೆ ಫಾರ್ಮ್ಯಾಟ್ ಮಾಡಿಕೊಳ್ಳದಿದ್ದರೆ ಪೆಟ್ಟಿಗೆ ಅದನ್ನು ಗುರುತಿಸುವುದೇ ಇಲ್ಲ.

ಈಗ ನಮ್ಮಲ್ಲಿ ಬೆಳಗಿಗೆ ಒಂದು, ಸಂಜೆಗೆ ಒಂದು ಪೆನ್ ಡ್ರೈವ್ ಇವೆ. ಬೆಳಗಿನದರಲ್ಲಿ ಮೊದಲು ಮನ್ಸೂರರ ವಚನಗಳು, ಆಮೇಲೆ ದಾಸರ ಪದಗಳು. ಚಹಾ ಕುದಿಯುವ ಹೊತ್ತಿಗೆ ಮೊದಲ ವಚನ ಮುಗಿದಿರುತ್ತದೆ. ರೊಟ್ಟಿ ಬಡಿಯುವ ಹೊತ್ತಿಗೆ ಭೀಮಸೇನರ ದನಿ ಮೇಲಿನ ಷಡ್ಜಕ್ಕೆ ಏರಿರುತ್ತದೆ, ಅಡುಗೆಮನೆಯ ಬಡಿತದ ನಡುವೆಯೂ ಅದು ಮುಚ್ಚಿಹೋಗುವುದಿಲ್ಲ. ಸಂಜೆಯದರಲ್ಲಿ ಬಸವರಾಜ ರಾಜಗುರುಗಳ ನಾಟ್ಯಗೀತೆಗಳಿವೆ, ಗದಗಿನ ವೀರೇಶ್ವರ ಪುಣ್ಯಾಶ್ರಮದ ಜಾತ್ರೆಯಲ್ಲಿ ಕಾಕಾ ಧ್ವನಿಮುದ್ರಿಸಿಕೊಂಡಿದ್ದ ಒಂದು ರಾತ್ರಿಯ ನಾಟಕದ ಹಾಡುಗಳೂ ಇವೆ. ಪುಟ್ಟರಾಜ ಗವಾಯಿಗಳು ನಡೆಸುತ್ತಿದ್ದ ನಾಟಕ ಕಂಪನಿಯ ಹಾರ್ಮೋನಿಯಂ, ಜನರ ಕೆಮ್ಮು, ಮಗುವೊಂದರ ಅಳು ಎಲ್ಲವೂ ಅದರಲ್ಲಿದೆ. ಯಾವ ಕಂಪನಿಯೂ ಇದನ್ನು ತುಂಬಿಸಿ ಕೊಡಲಾರದು, ಆದರೆ ಆ ಹಾರ್ಮೋನಿಯಮ್ಮನ್ನು ಇಷ್ಟು ತುಂಬಿದ ದನಿಯಲ್ಲಿ ಕೇಳಿಸಿದ್ದು ಈ ಪೆಟ್ಟಿಗೆಯ ಸ್ಪೀಕರ್. ಮೊಬೈಲಿನಲ್ಲಿ ಅದೇ ಕಡತ ಸೊರಗಿ ಕೇಳಿಸುತ್ತದೆ. ಈ ಬೆಲೆಗೆ ಮನುಷ್ಯಕಂಠವನ್ನು ಇಷ್ಟು ಹತ್ತಿರ ತರುವ ಸ್ಪೀಕರ್ ಬೇರೆ ಸಿಕ್ಕಿಲ್ಲವೆಂದು ನಿಜವಾಗಿ ಹೇಳಬಲ್ಲೆ.

ಒಂದು ಕಿರಿಕಿರಿ ಇನ್ನೂ ಇದೆ. ನಡುವೆ ನಿಲ್ಲಿಸಿದರೆ ಪೆಟ್ಟಿಗೆ ಆ ಜಾಗವನ್ನು ನೆನಪಿಡುವುದಿಲ್ಲ, ಮತ್ತೆ ಹಚ್ಚಿದಾಗ ಮೊದಲ ಕಡತದಿಂದಲೇ ಆರಂಭಿಸುತ್ತದೆ. ಮೂವತ್ತು ನಿಮಿಷದ ಕಡತಗಳನ್ನು ಬಳಸುವ ನನ್ನಂಥವರಿಗೆ ಇದು ದೊಡ್ಡ ತೊಂದರೆ. ಕ್ಯಾಸೆಟ್ಟನ್ನು ಎಲ್ಲಿ ನಿಲ್ಲಿಸಿ ತೆಗೆದಿರುತ್ತಿದ್ದೆವೋ, ವಾರದ ನಂತರ ಹಾಕಿದರೂ ಅಲ್ಲಿಂದಲೇ ಹಾಡುತ್ತಿತ್ತು. ಕರೆಂಟ್ ಹೋದರೆ ಮಾತ್ರ ಚಿಂತೆಯಿಲ್ಲ, ಒಳಗಿನ ಬ್ಯಾಟರಿಯ ಮೇಲೆ ಹಾಡು ಮುಂದುವರಿಯುತ್ತದೆ. ಆ ಬ್ಯಾಟರಿ ಈಗ ಹೊಸದರಲ್ಲಿದ್ದಷ್ಟು ಹೊತ್ತು ಬಾಳುವುದಿಲ್ಲ; ಒಳಗೆ ಇರುವುದು ಸಾಮಾನ್ಯವಾಗಿ ಸಿಗುವ ಲಿಥಿಯಂ ಸೆಲ್ಲುಗಳೇ ಆದ್ದರಿಂದ ಬದಲಿಸಬಹುದೆಂದು ರಿಪೇರಿಯವರು ಹೇಳಿದ್ದಾರೆ.

ರೇಡಿಯೊ ವಿಷಯದಲ್ಲಿ ನನ್ನ ಅಸಮಾಧಾನ ಕಡಿಮೆಯಾಗಿಲ್ಲ. ಪೆಟ್ಟಿಗೆಗೆ ಹಳೆಯ ರೇಡಿಯೊದ ರೂಪವಿದೆ, ತಿರುಗಿಸುವ ನಾಬ್ ಇದೆ, ಆದರೆ ಹಿಡಿಯುವುದು ಎಫ್‌ಎಂ ಮಾತ್ರ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ ನಮ್ಮ ಭಾಗದ ಮನೆಗಳಲ್ಲಿ ಕೇಳಿಬಂದದ್ದು ಮಧ್ಯಮ ತರಂಗಾಂತರದ 765 ಕಿಲೊಹರ್ಟ್ಸ್‌ನಲ್ಲಿ. ಮನ್ಸೂರರು ಸಂಗೀತ ಸಲಹೆಗಾರರಾಗಿದ್ದದ್ದು ಆ ನಿಲಯದಲ್ಲಿ. ಈಗ ಆ ನಿಲಯವನ್ನು ಕೇಳಬೇಕೆಂದರೆ ಮೊಬೈಲಿನಲ್ಲಿ ನ್ಯೂಸ್ ಆನ್ ಏರ್ ಆ್ಯಪ್ ತೆರೆದು, ಬ್ಲೂಟೂತ್ ಮೂಲಕ ಪೆಟ್ಟಿಗೆಗೆ ಜೋಡಿಸುತ್ತೇನೆ. ಕೆಲಸ ನಡೆಯುತ್ತದೆ, ಅವ್ವನಿಗೆ ಮಾತ್ರ ಅದನ್ನು ತಾನೇ ಹಚ್ಚಿಕೊಳ್ಳಲು ಬರುವುದಿಲ್ಲ, ನಾನು ಮನೆಯಲ್ಲಿಲ್ಲದ ದಿನ ಅವಳಿಗೆ ಧಾರವಾಡ ನಿಲಯವೂ ಇಲ್ಲ.

ಮನೆಯಲ್ಲಿ ಕ್ಯಾಸೆಟ್‌ಗಳು ಉಳಿದಿದ್ದು, ಅವುಗಳ ಜೊತೆ ಕೂರಲು ಬಿಡುವಿದ್ದವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ತುಂಬಿಸಿಕೊಟ್ಟ ಹಾಡುಗಳಿಗಾಗಿ ಮಾತ್ರ ಕೊಳ್ಳುವವರಿಗೆ ನಾನು ಹೇಳುವುದಿಲ್ಲ, ಅಷ್ಟಕ್ಕೆ ಮೊಬೈಲ್ ಸಾಕು. ಮಧ್ಯಮ ತರಂಗವನ್ನೂ ಹಿಡಿಯುವ ಮಾದರಿ ಯಾವುದಾದರೂ ಕಂಪನಿಯಿಂದ ಬಂದರೆ, ಈ ಪೆಟ್ಟಿಗೆಯನ್ನು ಸಂಜೆಯ ಪೆನ್ ಡ್ರೈವಿನ ನಕಲಿನ ಸಮೇತ ಗದಗಿನಲ್ಲಿರುವ ಅಣ್ಣನಿಗೆ ಕೊಟ್ಟು, ಅವ್ವನಿಗಾಗಿ ಅದನ್ನು ತರುತ್ತೇನೆ.