ಬರ್ಮಾದ ಸಂತೆಯಲ್ಲಿ ಕೆಂಪಿನ ಕಲ್ಲು ಕೊಳ್ಳಬೇಡಿ

ಬರ್ಮಾ ಕಡೆ ಹೋಗುವವರು ದಯವಿಟ್ಟು ಇದನ್ನು ಓದಿ. ಸಂತೆಯಲ್ಲಿ ಯಾರಾದರೂ ಮಾಣಿಕ್ಯ ತೋರಿಸಿದರೆ ಕೊಳ್ಳಬೇಡಿ. ನಾನು ಕೊಂಡು 300 ಡಾಲರ್ ಕಳೆದುಕೊಂಡೆ.

2018ರ ಡಿಸೆಂಬರ್‌ನಲ್ಲಿ ನಾನೂ ನಮ್ಮ ಯಜಮಾನರೂ ಶಾನ್ ರಾಜ್ಯದ ಕಲಾವ್‌ಗೆ ಹೋಗಿದ್ದೆವು. ಬೆಟ್ಟದ ಮೇಲಿನ ತಂಪು ಊರು. ಆ ಕಡೆ ಐದು ದಿನದ ಸಂತೆ. ಇವತ್ತು ಈ ಊರಲ್ಲಾದರೆ ನಾಳೆ ಪಕ್ಕದ ಊರಲ್ಲಿ, ಹೀಗೆ ಸುತ್ತಿ ಮತ್ತೆ ಮೊದಲಿನ ಊರಿಗೇ ಬರುತ್ತದೆ. ಕಪ್ಪು ಬಟ್ಟೆ ತೊಟ್ಟು, ತಲೆಗೆ ಕಿತ್ತಳೆ ಬಣ್ಣದ ವಸ್ತ್ರ ಸುತ್ತಿದ ಪಾ-ಓ ಜನಾಂಗದ ಹೆಂಗಸರು ಹಳ್ಳಿಗಳಿಂದ ತರಕಾರಿ ತಂದಿದ್ದರು. ಅಲ್ಲಿ ತೂಕ ವಿಸ್ ಲೆಕ್ಕದಲ್ಲಿ, ಒಂದಕ್ಕೆ ಸುಮಾರು 1.6 ಕೆ.ಜಿ. ನಮ್ಮ ಹಳೇ ವೀಸೆಯ ಸಂಬಂಧಿಕ ಪದವೇ. ಲೆಕ್ಕ ತಿಳಿಯದೆ ನಿಂತ ನನಗೆ ಬೆಳ್ಳುಳ್ಳಿ ಮಾರುವಾಕೆ ಒಂದು ಹಿಡಿ ಜಾಸ್ತಿಯೇ ಹಾಕಿದರು. ಆ ಜನರ ಬಗ್ಗೆ ನನಗೆ ಒಂದಿಷ್ಟೂ ಬೇಸರವಿಲ್ಲ.

ಮೋಸ ಆಗಿದ್ದು ಸಂತೆಯ ಚಹಾ ಅಂಗಡಿಯಲ್ಲಿ. ಒಬ್ಬ ಬಂದು ಹಿಂದಿಯಲ್ಲಿ ಮಾತಾಡಿಸಿದ. ಬ್ರಿಟಿಷರ ಕಾಲದಲ್ಲಿ ಹೋಗಿ ನೆಲೆಸಿದ ಭಾರತೀಯರ ಮೊಮ್ಮಕ್ಕಳು ಕಲಾವ್‌ನಲ್ಲಿ ಈಗಲೂ ಇದ್ದಾರೆ. ಹಾಗಾಗಿ ಅನುಮಾನ ಬರಲಿಲ್ಲ. ಅವನು ಆ ಊರಿನವನೇ ಅಲ್ಲ ಅಂತ ಆಮೇಲೆ ಅಂಗಡಿಯವರು ಹೇಳಿದರು.

ಅಮ್ಮನ ಕೆಂಪಿನ ಓಲೆಯಲ್ಲಿ ಎರಡು ಕಲ್ಲು ಬಿದ್ದುಹೋಗಿದ್ದವು. ಅದನ್ನು ಮಾತಿನ ನಡುವೆ ನಾನೇ ಹೇಳಿದೆ. ಅವನು ಜೇಬಿಂದ ಪೊಟ್ಟಣ ತೆಗೆದ. ಮಾಣಿಕ್ಯಕ್ಕೆ ಹೆಸರಾದ ಮೊಗೋಕ್ ಗಣಿಯ ಕಲ್ಲು ಅಂದ. ಟಾರ್ಚ್ ಬಿಟ್ಟ, ಕೆಂಡದ ಹಾಗೆ ಹೊಳೆಯಿತು. ಗಾಜಿನ ಮೇಲೆ ಗೀರಿದ, ಗೀರು ಬಿತ್ತು. ಲೈಟರ್ ಹಿಡಿದ, ಕಲ್ಲಿಗೆ ಏನೂ ಆಗಲಿಲ್ಲ. ನಾನು ನಂಬಿದೆ.

ಈ ಮೂರೂ ಪರೀಕ್ಷೆಗಳಿಂದ ಏನೂ ಗೊತ್ತಾಗುವುದಿಲ್ಲ. ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯವೂ ಅಷ್ಟೇ ಗಟ್ಟಿ, ಬೆಂಕಿಗೂ ಜಗ್ಗದು, ಬೆಳಕಿಗೆ ಎಷ್ಟೋ ಸಲ ಅಸಲಿಗಿಂತ ಜಾಸ್ತಿಯೇ ಹೊಳೆಯುತ್ತದೆ. ಪುಡಿಯನ್ನು ಉರಿಯಲ್ಲಿ ಕರಗಿಸಿ ಮಾಣಿಕ್ಯ ಮಾಡುವುದನ್ನು ನೂರು ವರ್ಷಕ್ಕೂ ಹಿಂದೆಯೇ ಕಲಿತಿದ್ದಾರೆ. ನನ್ನ ಕಲ್ಲುಗಳಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಅಷ್ಟು ಶುಭ್ರವಾದ ಅಸಲಿ ಬರ್ಮಾ ಕೆಂಪು ಲಕ್ಷಗಟ್ಟಲೆ ಬಾಳುತ್ತದೆ, ಚಹಾ ಅಂಗಡಿಗೆ ಬರುವುದಿಲ್ಲ. ಅದು ನನಗೆ ಆಗ ಹೊಳೆಯಲಿಲ್ಲ.

ಇನ್ನೊಂದು ಸುಳಿವೂ ಕಣ್ಣೆದುರೇ ಇತ್ತು. ಅಲ್ಲಿ ಹಣ ಬದಲಿಸುವವರು ಡಾಲರ್ ನೋಟಿನಲ್ಲಿ ಒಂದು ಮಡಿಕೆ ಇದ್ದರೂ ವಾಪಸ್ ಕೊಡುತ್ತಾರೆ. ನನ್ನ ಒಂದು ನೂರರ ನೋಟನ್ನು ಹಾಗೇ ಮೂರು ಕಡೆ ಬೇಡ ಅಂದಿದ್ದರು. ಇವನು ತಿರುಗಿಸಿಯೂ ನೋಡದೆ ತೆಗೆದುಕೊಂಡ. ಹಣ ಸಿಕ್ಕಿದರೆ ಸಾಕು, ಜಾಗ ಖಾಲಿ ಮಾಡಬೇಕು ಅನ್ನುವ ಅವಸರ ಅದು.

ರಸೀದಿ ಕೇಳಿದೆ. ಬರ್ಮೀಸ್‌ನಲ್ಲಿ ಏನೋ ಗೀಚಿದ ಚೀಟಿ ಕೊಟ್ಟ. ಯಾಂಗೂನ್‌ನ ಹೋಟೆಲಿನಾಕೆ ಅದನ್ನು ಓದಿ ಹೇಳಿದರು: 'ಬಣ್ಣದ ಕಲ್ಲು, ನೆನಪಿನ ಕಾಣಿಕೆ' ಅಂತಷ್ಟೇ ಇದೆ. ಪರವಾನಗಿ ಇರುವ ಅಂಗಡಿಯ ರಸೀದಿ ಇಲ್ಲದೆ ರತ್ನ ಹೊರಗೆ ಒಯ್ದರೆ ವಿಮಾನ ನಿಲ್ದಾಣದಲ್ಲಿ ಕಿತ್ತುಕೊಳ್ಳಬಹುದು ಅಂದರು. ವಿಮಾನ ಹತ್ತುವ ತನಕ ಎದೆ ಡವಡವ. ಬೆಂಗಳೂರಲ್ಲಿ ಪರೀಕ್ಷೆಗೆ ಕೊಟ್ಟೆ. ಲೆನ್ಸ್ ಅಡಿಯಲ್ಲಿ ಬಾಗಿದ ಗೆರೆಗಳು ಕಂಡವು. ನೆಲದಲ್ಲಿ ಬೆಳೆದ ಕಲ್ಲಿನಲ್ಲಿ ಗೆರೆ ನೇರ ಇರುತ್ತವಂತೆ, ಬಾಗಿದ್ದರೆ ಕಾರ್ಖಾನೆಯದ್ದು.

2021ರ ಸೈನಿಕ ದಂಗೆಯ ನಂತರ ಅಲ್ಲಿ ಪರಿಸ್ಥಿತಿ ತುಂಬಾ ಕೆಟ್ಟಿದೆ. ಶಾನ್ ರಾಜ್ಯದಲ್ಲೂ ಕಾಳಗ ನಡೆದಿದೆ. ಸದ್ಯಕ್ಕೆ ಹೋಗುವುದೇ ಬೇಡ ಅನ್ನುವುದು ನನ್ನ ಮಾತು. ಮುಂದೆ ಎಂದಾದರೂ ಹೋದರೆ ಸಂತೆಯಲ್ಲಿ ಚಹಾಪುಡಿ ಕೊಳ್ಳಿ, ಬೆಳ್ಳುಳ್ಳಿ ಕೊಳ್ಳಿ, ಕೆನ್ನೆಗೆ ಹಚ್ಚುವ ತನಾಖಾ ಕೊಳ್ಳಿ. ಆ ಎರಡು ಕಲ್ಲು ಇನ್ನೂ ನನ್ನ ಹತ್ತಿರವೇ ಇವೆ. ನೋಡಬೇಕು ಅನ್ನುವವರು ಬನ್ನಿ, ಲೆನ್ಸ್ ಕೊಟ್ಟು ಆ ಬಾಗಿದ ಗೆರೆ ತೋರಿಸುತ್ತೇನೆ.