ಕನ್ನಡಿ, ವಿಡಿಯೊ, ಧ್ವನಿಮುದ್ರಣ, ಟಿಪ್ಪಣಿ ಪುಸ್ತಕ: ನಟರಿಗೆ ಹೆಚ್ಚು ಉಪಯೋಗ ಯಾವುದರಿಂದ?

ಸುಮಾರು 14 ನಿಮಿಷಗಳ ಏಕವ್ಯಕ್ತಿ ಪ್ರಯೋಗವೊಂದಕ್ಕೆ ನಾನು 8 ವಾರ ತಾಲೀಮು ನಡೆಸಿದೆ. ನಿರ್ದೇಶಕರು ವಾರಕ್ಕೆ 2 ದಿನ ಮಾತ್ರ ಸಿಗುತ್ತಿದ್ದುದರಿಂದ ಉಳಿದ ದಿನಗಳಲ್ಲಿ ನನ್ನ ಅಭಿನಯದ ಬಗ್ಗೆ ನನಗೆ ತಿಳಿಸಬೇಕಾದವು ಕೈಗೆಟಕುವ ಸಾಧನಗಳೇ ಆಗಿದ್ದವು. ಒಂದೊಂದನ್ನೂ ಕೆಲವು ದಿನ ಪ್ರತ್ಯೇಕವಾಗಿ ಬಳಸಿ, ಅದರಿಂದ ತಿಳಿದದ್ದು ಮರುದಿನದ ತಾಲೀಮಿನಲ್ಲಿ ಉಳಿಯಿತೇ ಎಂಬುದನ್ನು ಗಮನಿಸುತ್ತ ಬಂದೆ. ಕಂಡ ತಪ್ಪುಗಳ ಎಣಿಕೆಗಿಂತ ಉಳಿದ ತಿದ್ದುಪಡಿಗಳ ಎಣಿಕೆಯೇ ಮುಖ್ಯವೆಂದು ನಾನು ಭಾವಿಸಿದ್ದೇನೆ. ಈ ಹೋಲಿಕೆಯೂ ಆ ಅಳತೆಯ ಮೇಲೆಯೇ ನಿಂತಿದೆ.

ಕನ್ನಡಿಯಿಂದ ಆರಂಭಿಸಿದೆ, ಅದರಿಂದಲೇ ಅತಿ ಕಡಿಮೆ ಪಡೆದೆ. ಪಾತ್ರ ತನ್ನ ಎದುರಿಗಿರುವ ಕಾಲ್ಪನಿಕ ವ್ಯಕ್ತಿಯನ್ನು ನೋಡಬೇಕಾದ ಹೊತ್ತಿನಲ್ಲಿ ನನ್ನ ಕಣ್ಣು ನನ್ನ ಮುಖದ ಮೇಲೆಯೇ ನೆಟ್ಟಿರುತ್ತಿತ್ತು, ಪಕ್ಕಕ್ಕೆ ತಿರುಗಿದರೆ ಏನೂ ಕಾಣುತ್ತಿರಲಿಲ್ಲ. ಭುಜ ಏರಿದ್ದು ಕಂಡ ಕೂಡಲೇ ಇಳಿಸುತ್ತಿದ್ದೆ; ಕನ್ನಡಿಯಿಲ್ಲದ ಕೋಣೆಗೆ ಹೋದರೆ ಭುಜ ಮತ್ತೆ ಏರುತ್ತಿತ್ತು. ಪ್ರತಿ ಪ್ರಯತ್ನದಲ್ಲೂ ತಕ್ಷಣದ ಮಾಹಿತಿ ಸಿಗುತ್ತಿದ್ದರೆ ಅಭ್ಯಾಸದ ಸಮಯದಲ್ಲಿ ಸುಧಾರಣೆ ಕಾಣುತ್ತದೆ, ಆದರೆ ಆ ಮಾಹಿತಿಯನ್ನು ತೆಗೆದುಬಿಟ್ಟಾಗ ಕಲಿತದ್ದು ಅಷ್ಟಾಗಿ ನಿಲ್ಲುವುದಿಲ್ಲ ಎಂಬುದನ್ನು ಚಲನೆಯ ಕಲಿಕೆಯನ್ನು ಅಧ್ಯಯನ ಮಾಡುವವರು 1980ರ ದಶಕದಿಂದಲೂ ಚರ್ಚಿಸುತ್ತ ಬಂದಿದ್ದಾರೆ. ನನ್ನ ಅನುಭವ ಅದಕ್ಕೆ ಹೊಂದಿಕೊಂಡಿತು. ನಿಶ್ಚಲವಾದ ನಿಲುವೊಂದನ್ನು ಪರೀಕ್ಷಿಸಲು, ಉಡುಪಿನ ಮಡಿಕೆ ಸರಿಯಿದೆಯೇ ಎಂದು ನೋಡಲು ಮಾತ್ರ ಈಗ ಕನ್ನಡಿಯ ಮುಂದೆ ನಿಲ್ಲುತ್ತೇನೆ.

ವಿಡಿಯೊ ಇಡೀ ದೇಹವನ್ನು ತೋರಿಸುತ್ತದೆ, ಅದು ಸಣ್ಣ ಉಪಕಾರವಲ್ಲ. ಪ್ರತಿ ವಾಕ್ಯ ಮುಗಿದಾಗಲೂ ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದೇನೆ ಎಂಬುದು ನನಗೆ ತಿಳಿದದ್ದು ಅದರಿಂದಲೇ. ಆದರೆ ಮೊಬೈಲನ್ನು ಎಲ್ಲಿ ಇಡುತ್ತೇವೆ ಎಂಬುದರ ಮೇಲೆ ಸಿಗುವ ಮಾಹಿತಿ ಬದಲಾಗುತ್ತದೆ: ತೀರ ಹತ್ತಿರವಿಟ್ಟರೆ ಮುಂದೆ ಚಾಚಿದ ಕೈ ಅಸಹಜವಾಗಿ ದೊಡ್ಡದಾಗಿ ಕಾಣುತ್ತದೆ, ಪ್ರೇಕ್ಷಕರ ನಡುಸಾಲಿನಷ್ಟು ದೂರದಲ್ಲಿ, ಕುಳಿತವರ ಕಣ್ಣಿನ ಎತ್ತರದಲ್ಲಿ ಟ್ರೈಪಾಡ್ ಮೇಲೆ ಇಟ್ಟಾಗ ಮಾತ್ರ ಚಿತ್ರ ನಂಬಿಕೆಗೆ ಅರ್ಹವಾಯಿತು. ಧ್ವನಿಯ ವಿಷಯದಲ್ಲಂತೂ ಅದು ದಾರಿ ತಪ್ಪಿಸಿತು. ನನ್ನ ಮೊಬೈಲ್ ಧ್ವನಿಯ ಮಟ್ಟವನ್ನು ತಾನಾಗಿಯೇ ಸರಿಹೊಂದಿಸಿ, ಪಿಸುಮಾತನ್ನು ಎತ್ತಿ ಕೂಗನ್ನು ತಗ್ಗಿಸುತ್ತಿದ್ದುದರಿಂದ ಎರಡರ ನಡುವೆ ನಾನು ಸಾಧಿಸಿದ್ದ ಅಂತರವೇ ಅಳಿಸಿಹೋಗಿತ್ತು.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಒಂದು ಮಾತಿನ ಹೊತ್ತಿಗೆ ಬಲಗೈ ಮತ್ತೆ ಮತ್ತೆ ಎದೆಗೆ ಏರುವುದನ್ನು ಕಂಡು 3 ದಿನ ಅದನ್ನು ತಡೆಯುವುದರಲ್ಲೇ ಕಳೆದೆ. ಕೈ ನಿಂತಿತು, ಜೊತೆಗೆ ಇಡೀ ತೋಳು ಮರಗಟ್ಟಿತು. ಆ ಮಾತನ್ನು ಯಾರಿಗೆ ಹೇಳುತ್ತಿದ್ದೇನೆ ಎಂಬುದು ನನಗೇ ಸ್ಪಷ್ಟವಿರಲಿಲ್ಲ, ಆ ಅಸ್ಪಷ್ಟತೆಯೇ ಕೈಯನ್ನು ಎತ್ತಿಸುತ್ತಿತ್ತು ಎಂಬುದನ್ನು ನಿರ್ದೇಶಕರು ತೋರಿಸಿಕೊಟ್ಟರು. ವಿಡಿಯೊದಲ್ಲಿ ಕಂಡದ್ದು ಲಕ್ಷಣ ಮಾತ್ರ. ಕಾರಣ ಪಾತ್ರದ ಒಳಗಿತ್ತು.

ಧ್ವನಿಮುದ್ರಣವನ್ನು ನಾನು ಆರಂಭದಲ್ಲಿ ಕಡೆಗಣಿಸಿದ್ದೆ. ನಾವು ಮಾತನಾಡುವಾಗ ನಮ್ಮ ಧ್ವನಿ ಗಾಳಿಯ ಮೂಲಕ ಬರುವುದಲ್ಲದೆ ತಲೆಬುರುಡೆಯ ಎಲುಬಿನ ಮೂಲಕವೂ ಒಳಕಿವಿಯನ್ನು ಮುಟ್ಟುತ್ತದೆ, ಹಾಗಾಗಿ ತುಂಬಿಕೊಂಡಂತೆ ಕೇಳಿಸುತ್ತದೆ. ಮುದ್ರಣದಲ್ಲಿ ಆ ತುಂಬುತನ ಇರುವುದಿಲ್ಲ. ಆ ತೆಳುವಾದ ಧ್ವನಿಗೆ ಒಗ್ಗಿಕೊಳ್ಳಲು ಒಂದು ವಾರ ಬೇಕಾಯಿತು. ಧ್ವನಿಯ ಮಟ್ಟವನ್ನು ಕೈಯಿಂದಲೇ ನಿಗದಿಪಡಿಸಬಹುದಾದ ರೆಕಾರ್ಡರ್ ಬಳಸಿ, ಕಣ್ಣು ಮುಚ್ಚಿ ಕೇಳತೊಡಗಿದ ಮೇಲೆ ಉಳಿದ ಯಾವ ಸಾಧನವೂ ಹೇಳದ ಸಂಗತಿಯೊಂದು ಹೊರಬಂತು. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಯಲ್ಲಿ ಬರುತ್ತದೆ. ಮಾಡಿದವರು ಯಾರು, ಯಾವ ಕಾಲದಲ್ಲಿ, ಹೌದೋ ಅಲ್ಲವೋ ಎಂಬುದೆಲ್ಲ ಬಹುಪಾಲು ಅಲ್ಲಿಯೇ ತೀರ್ಮಾನವಾಗುತ್ತದೆ. ನಾನಾದರೋ ಉದ್ದನೆಯ ವಾಕ್ಯಗಳ ಕೊನೆಗೆ ಬರುವ ವೇಳೆಗೆ ಉಸಿರು ಮುಗಿಸಿಕೊಂಡು ಆ ಭಾಗವನ್ನೇ ನುಂಗುತ್ತಿದ್ದೆ. ‘ಕೊಡುತ್ತೇನೆ’ ಎಂದೆನೋ ‘ಕೊಡುವುದಿಲ್ಲ’ ಎಂದೆನೋ ಹಿಂದಿನ ಸಾಲಿನಲ್ಲಿ ಕುಳಿತವರು ಊಹಿಸಬೇಕಾದ ಸ್ಥಿತಿ ಅದು. ನನಗೆ ಮಾತು ಬಾಯಿಪಾಠವಾಗಿದ್ದರಿಂದ ವಿಡಿಯೊ ನೋಡುವಾಗ ಕಿವಿ ಆ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತಿತ್ತು. ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂಬುದನ್ನು 9 ಕಡೆ ಬದಲಿಸಿದೆ, ಆ ತಿದ್ದುಪಡಿಗಳಲ್ಲಿ 7 ಕೊನೆಯವರೆಗೂ ಉಳಿದವು. ದೀರ್ಘವೆಂದು ನಾನು ನಂಬಿದ್ದ ಮೌನಗಳು ಒಂದೂವರೆ ಸೆಕೆಂಡು ಕೂಡ ಇರಲಿಲ್ಲ ಎಂಬುದೂ ಆಗಲೇ ತಿಳಿಯಿತು.

ಆದರೂ ಧ್ವನಿಮುದ್ರಣಕ್ಕೆ ಪೂರ್ಣ ಬೆಲೆ ಬಂದದ್ದು ಟಿಪ್ಪಣಿ ಪುಸ್ತಕವನ್ನು ಅದರ ಜೊತೆಗಿಟ್ಟಾಗ. ಮಾಸ್ಕೋ ಆರ್ಟ್ ಥಿಯೇಟರನ್ನು 1898ರಲ್ಲಿ ನೆಮಿರೊವಿಚ್-ಡಾಂಚೆಂಕೊ ಅವರೊಂದಿಗೆ ಸ್ಥಾಪಿಸಿದ ರಷ್ಯಾದ ನಟ, ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಬಾಲ್ಯದಿಂದಲೇ ತಮ್ಮ ಅಭಿನಯದ ಬಗ್ಗೆ ಟಿಪ್ಪಣಿ ಬರೆಯುತ್ತಿದ್ದರು. ನಾನು ಬರೆಯುವ ಟಿಪ್ಪಣಿಗೆ ಒಂದೇ ಷರತ್ತು ಹಾಕಿಕೊಂಡೆ: ಮುದ್ರಣವನ್ನು ಕೇಳುವ ಮೊದಲೇ ಬರೆಯಬೇಕು. ಒಂದು ಸಂಜೆ ‘ನಡುಭಾಗ ಸಪ್ಪೆಯಾಯಿತು, ಕೊನೆಯ ಭಾಗ ತುಂಬ ಚೆನ್ನಾಗಿ ಬಂತು’ ಎಂದು ಬರೆದಿದ್ದೆ. ಕೇಳಿದಾಗ ನಡುಭಾಗ ನಿಚ್ಚಳವಾಗಿತ್ತು. ಕೊನೆಯಲ್ಲಿ ನಾನು ಭಾವದಲ್ಲಿ ಮುಳುಗಿ ಅರ್ಧ ಪದಗಳನ್ನು ಕಳೆದುಕೊಂಡಿದ್ದೆ. ನನಗೆ ಅನ್ನಿಸಿದ್ದಕ್ಕೂ ಕೇಳಿಸಿದ್ದಕ್ಕೂ ನಡುವೆ ಇರುವ ಈ ಅಂತರವನ್ನು ಪುಸ್ತಕವೊಂದೇ ಆಗಲಿ ಮುದ್ರಣವೊಂದೇ ಆಗಲಿ ಹೇಳಲಾರದು. ನನಗೆ ಸಿಕ್ಕ ಅತ್ಯಂತ ಬೆಲೆಯುಳ್ಳ ಮಾಹಿತಿ ಇದೇ.

ತಾಲೀಮು ನೋಡುವ ಸಹನಟರ ಅಭಿಪ್ರಾಯದ ಬೆಲೆ ನಾವು ಕೇಳುವ ಪ್ರಶ್ನೆಯನ್ನು ಅವಲಂಬಿಸಿದೆ. ‘ಹೇಗಿತ್ತು?’ ಎಂದಾಗ ‘ಚೆನ್ನಾಗಿತ್ತು’ ಎಂಬ ಸೌಜನ್ಯ ಸಿಗುತ್ತದೆ. ‘ನಿಮ್ಮ ಗಮನ ಬೇರೆಡೆ ಹೋದದ್ದು ಯಾವ ಮಾತಿನ ಹೊತ್ತಿಗೆ?’ ಎಂದು ಕೇಳಿದಾಗ ಇಬ್ಬರು ಒಂದೇ ಮಾತನ್ನು ಹೆಸರಿಸಿದರು. ಇತರರ ಪ್ರದರ್ಶನಗಳನ್ನು ನೋಡುವುದರಿಂದ ಉತ್ಸಾಹ ಬಂತು, ಆದರೆ ತಾಲೀಮಿನ ನಡುವೆ ಅದು ಅನುಕರಣೆಗೆ ಎಳೆಯಿತು. ಪ್ರೇಕ್ಷಕರ ಚಪ್ಪಾಳೆ ಎಲ್ಲ ಮುಗಿದ ಮೇಲೆ ಎಲ್ಲಕ್ಕೂ ಸೇರಿ ಬರುವುದರಿಂದ ಅದರಿಂದ ಕಲಿಯುವುದು ಕಷ್ಟ. ಕೆಮ್ಮು ಮತ್ತು ಕುರ್ಚಿಯ ಸದ್ದು ಹಾಗಲ್ಲ. ಸಭಾಂಗಣದ ಹಿಂದಿನ ಸಾಲಿನಲ್ಲಿ ರೆಕಾರ್ಡರ್ ಇಟ್ಟು 2 ಪ್ರದರ್ಶನಗಳನ್ನು ಮುದ್ರಿಸಿಕೊಂಡಾಗ, ಎರಡರಲ್ಲೂ ಆರನೆಯ ನಿಮಿಷದ ಆಸುಪಾಸಿನಲ್ಲೇ ಜನ ಮಿಸುಕಾಡಿದ್ದರು. ಸಹನಟರು ಹೆಸರಿಸಿದ ಮಾತು ಬರುವುದೂ ಅಲ್ಲಿಯೇ. ಆ ಭಾಗದಿಂದ 4 ವಾಕ್ಯಗಳನ್ನು ನಿರ್ದೇಶಕರ ಒಪ್ಪಿಗೆ ಪಡೆದು ತೆಗೆದೆ.

ಒಂದೇ ಸಾಧನಕ್ಕೆ ಸಮಯವಿರುವವರಿಗೆ ನಾನು ಧ್ವನಿಮುದ್ರಣವನ್ನೇ ಸೂಚಿಸುತ್ತೇನೆ, ಕೇಳುವ ಮೊದಲು 5 ನಿಮಿಷ ಬರೆಯಬೇಕೆಂಬ ಷರತ್ತಿನೊಂದಿಗೆ. ಚಲನೆಯೇ ಮುಖ್ಯವಾದ ಪಾತ್ರಗಳಿಗೆ, ನೃತ್ಯಕ್ಕೆ, ಈ ಸಲಹೆ ಹೊಂದುವುದಿಲ್ಲ. ನನ್ನ ಪ್ರಯೋಗದಲ್ಲಿಯೇ 40 ಸೆಕೆಂಡುಗಳ ಮಾತಿಲ್ಲದ ಭಾಗವೊಂದಿದೆ. ರೆಕಾರ್ಡರ್‌ನಲ್ಲಿ ಅಲ್ಲಿ ನನ್ನ ಉಸಿರು ಮಾತ್ರ ಕೇಳಿಸುತ್ತದೆ. ಆ ಭಾಗಕ್ಕಾಗಿ ಇಂದಿಗೂ ವಿಡಿಯೊವನ್ನು ಧ್ವನಿ ನಿಲ್ಲಿಸಿ ನೋಡುತ್ತೇನೆ, ಹಿಂದಿನ ಸಾಲಿನಲ್ಲಿ ಒಬ್ಬ ಸಹನಟರನ್ನು ಕೂರಿಸಿ, ಪಾತ್ರ ಯಾರನ್ನು ಕಾಯುತ್ತಿದೆ ಎಂದು ಅವರಿಗೆ ಅನ್ನಿಸಿತೆಂದು ಕೇಳುತ್ತೇನೆ.