ಹಾಡುವವರೇ, ಹೋಂಸ್ಟೇಯ ಪತ್ರೊಡೆ ತಿನ್ನುವ ಮುಂಚೆ ಕೇಳಿ

ಮಳೆಗಾಲದಲ್ಲಿ ಚಿಕ್ಕಮಗಳೂರಿನ ಕಡೆ ಸುತ್ತಾಡಲು ಹೋಗುವವರು, ಅದರಲ್ಲೂ ಗಂಟಲನ್ನೇ ನಂಬಿಕೊಂಡವರು, ದಯವಿಟ್ಟು ಇದನ್ನು ಓದಿ. ಪತ್ರೊಡೆ ಅಂದರೆ ಕೆಸುವಿನ ಎಲೆಗೆ ಅಕ್ಕಿ ಮಸಾಲೆ ಹಚ್ಚಿ, ಸುತ್ತಿ, ಹಬೆಯಲ್ಲಿ ಬೇಯಿಸುವ ತಿಂಡಿ. ಅದು ಸರಿಯಾಗಿ ಬೇಯದೆ ನನ್ನ ಸಂಗೀತ ಕಚೇರಿಯೊಂದು ಕೈತಪ್ಪಿತು.

ನಾನು ಹಾಸನದವಳು, ಕರ್ನಾಟಕ ಸಂಗೀತ ಹಾಡುತ್ತೇನೆ. ಗಣಪತಿ ಹಬ್ಬದ ಹೊತ್ತಿಗೆ ಪೆಂಡಾಲುಗಳಿಂದ ಕರೆ ಜಾಸ್ತಿ. ಹಾಗಾಗಿ ಶ್ರಾವಣದಿಂದಲೇ ಮನೆಯಲ್ಲಿ ಊಟ ಹದವಾಗಿರುತ್ತದೆ. ಬೆಳಿಗ್ಗೆ ಅಕ್ಕಿ ರೊಟ್ಟಿ, ಮಧ್ಯಾಹ್ನ ಮುದ್ದೆ, ಬಸ್ಸಾರು, ರಾತ್ರಿ ಅನ್ನಕ್ಕೆ ಮೆಣಸಿನ ಸಾರು. ರಾತ್ರಿಯದ್ದನ್ನು ಬೇಗ ಮುಗಿಸುತ್ತೇನೆ. ತಡವಾಗಿ ತಿಂದು ಮಲಗಿದರೆ ಹುಳಿತೇಗು ಬಂದು ಬೆಳಿಗ್ಗೆ ಧ್ವನಿ ಬಿಚ್ಚಿಕೊಳ್ಳುವುದೇ ಇಲ್ಲ.

ವಾರದ ಕೊನೆಗೆ ಮನೆಯವರೆಲ್ಲ ಸೇರಿ ಬೇಲೂರು ದಾರಿಯಲ್ಲಿ ಚಿಕ್ಕಮಗಳೂರಿಗೆ ಹೋದೆವು. ಮುಳ್ಳಯ್ಯನಗಿರಿಯಲ್ಲಿ ಬರೀ ಮಂಜು. ರಾತ್ರಿ ಕಾಫಿ ತೋಟದೊಳಗಿನ ಹೋಂಸ್ಟೇಯಲ್ಲಿ ಊಟ. ಕಡುಬು, ಸಾರು, ಜೊತೆಗೆ ಮಲೆನಾಡು ಸ್ಪೆಷಲ್ ಅಂತ ಪತ್ರೊಡೆ. ಎರಡು ತುತ್ತು ಒಳಗೆ ಹೋಗುವಷ್ಟರಲ್ಲಿ ನಾಲಿಗೆ ಚುಚ್ಚತೊಡಗಿತು. ಆಮೇಲೆ ಗಂಟಲು. ಕೆರೆತ ಅಂದರೆ ಎಂಥ ಕೆರೆತ, ಕೆಮ್ಮಿದಷ್ಟೂ ಜಾಸ್ತಿ. ಪಕ್ಕದ ಮೇಜಿನಲ್ಲಿ ಒಂದು ಮಗು ಬಾಯಿ ಹಿಡಿದುಕೊಂಡು ಅಳುತ್ತಿತ್ತು.

ಮಾಲೀಕರನ್ನು ಕರೆದು ಹೇಳಿದೆ. "ಕೆಸು ಅಂದ್ರೆ ಸ್ವಲ್ಪ ತುರಿಸ್ತದೆ ಮೇಡಂ, ನಿಮಗೆ ಅಭ್ಯಾಸ ಇಲ್ಲ ಅಷ್ಟೆ" ಅಂದರು. ನನಗೆ ಸಿಟ್ಟು ಬಂದದ್ದು ಈ ಮಾತಿಗೆ. ಅಭ್ಯಾಸ ಇಲ್ಲದೆ ಏನು? ಚಿಕ್ಕಂದಿನಿಂದ ಅಜ್ಜಿಯ ಕೈಯ ಪತ್ರೊಡೆ ತಿಂದು ಬೆಳೆದವಳು ನಾನು. ಒಂದು ದಿನವೂ ತುರಿಸಿಲ್ಲ. ಅಡುಗೆಯ ಹುಡುಗ ಮಾತ್ರ ಪಾಪ ನಿಜ ಹೇಳಿದ. ಹುಳಿ ಜಾಸ್ತಿಯಾದರೆ ಗೆಸ್ಟ್‌ಗಳಿಗೆ ಹಿಡಿಸಲ್ಲ ಅಂತ ಕಮ್ಮಿ ಹಾಕಿದ್ದನಂತೆ. ಎಲ್ಲರೂ ಒಟ್ಟಿಗೆ ಊಟಕ್ಕೆ ಬಂದರು ಅಂತ ಬೇಗ ಇಳಿಸಿದ್ದನಂತೆ.

ಕೆಸುವಿನ ಎಲೆ, ದಂಟು, ಗೆಡ್ಡೆ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್ ಇದೆ. ಸೂಜಿಯಂಥ ಸಣ್ಣ ಹರಳುಗಳು ಅವು. ಬಾಯಿಯ, ಗಂಟಲಿನ ಒಳಚರ್ಮಕ್ಕೆ ಚುಚ್ಚಿ ಉರಿ, ಊತ ತರುತ್ತವೆ. ಅದಕ್ಕೇ ಅಲ್ವಾ ನಮ್ಮ ಹಿರಿಯರು ಎಲೆ ಹೆಚ್ಚುವಾಗ ಕೈಗೆ ಎಣ್ಣೆ ಸವರಿಕೊಳ್ಳುತ್ತಿದ್ದದ್ದು. ಅಮ್ಮ ಈಗಲೂ ಎಳೆಯ ಎಲೆಗಳನ್ನೇ ಆರಿಸಿ, ಹಿಂಬದಿಯ ದಪ್ಪ ನಾರನ್ನು ಕೆತ್ತಿ ತೆಗೆಯುತ್ತಾರೆ. ಅಕ್ಕಿ ಮಸಾಲೆ ರುಬ್ಬುವಾಗ ಹುಣಸೆಹಣ್ಣನ್ನು ಧಾರಾಳವಾಗಿ ಹಾಕುತ್ತಾರೆ. ಎಲೆಗೆ ಹಚ್ಚಿ ಸುತ್ತಿದ ಮೇಲೆ ಮುಕ್ಕಾಲು ಗಂಟೆ ಹಬೆಯಲ್ಲಿ ಇಡುತ್ತಾರೆ. ಖಾರ, ಬೆಲ್ಲ ಅವರವರ ರುಚಿ. ಹುಳಿ ಮತ್ತು ಬೇಯಿಸುವ ಹೊತ್ತಿನಲ್ಲಿ ಮಾತ್ರ ಚೌಕಾಸಿ ಇಲ್ಲ, ತುರಿಕೆ ಅಡಗುವುದು ಅವೆರಡರಿಂದಲೇ.

ರಾತ್ರಿಯೆಲ್ಲ ಕೆಮ್ಮಿ ಧ್ವನಿ ಕೂತುಹೋಯಿತು. ಊರಿಗೆ ಬಂದು ತಂಬೂರಿ ಹಾಕಿಕೊಂಡು ಕೂತರೆ ಮಂದ್ರದ ಕೆಳಗಿನ ಸ್ವರಗಳು ಹೇಗೋ ಬರುತ್ತಿದ್ದವು, ತಾರ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ ಹೋದರೆ ಬರೀ ಗಾಳಿ. ಇಎನ್‌ಟಿ ಡಾಕ್ಟರು ಮಾತೇ ಬೇಡ ಎಂದರು. ಪಿಸುಗುಟ್ಟುವುದೂ ಬೇಡ, ಅದರಿಂದಲೂ ಧ್ವನಿಗೆ ಆಯಾಸ. ಪದೇ ಪದೇ ಗಂಟಲು ಸರಿಮಾಡಿಕೊಳ್ಳುವುದಂತೂ ಬೇಡವೇ ಬೇಡ. ಪೆಂಡಾಲಿನವರಿಗೆ ನನ್ನ ಪರವಾಗಿ ಮನೆಯವರೇ ಫೋನ್ ಮಾಡಿದರು. ಪಕ್ಕವಾದ್ಯದವರಿಗೂ ಆ ದಿನದ ಸಂಭಾವನೆ ಹೋಯಿತು. ನನಗೆ ಜಾಸ್ತಿ ನೋವಾದದ್ದು ಅದಕ್ಕೆ.

ಪತ್ರೊಡೆ ಬಿಡಿ ಅಂತ ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಅದಕ್ಕಿಂತ ರುಚಿ ಯಾವುದಿದೆ? ಆದರೆ ಎಲೆ ಎಲ್ಲಿಯದು, ಹುಳಿ ಹಾಕಿದ್ದೀರಾ, ಎಷ್ಟು ಹೊತ್ತು ಬೇಯಿಸಿದಿರಿ ಅಂತ ಸಂಕೋಚ ಬಿಟ್ಟು ಕೇಳಿ. ಮೊದಲು ಚೂರೇ ಚೂರು ಬಾಯಿಗಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಮಕ್ಕಳಿಗೆ ಅದಾದ ಮೇಲೇ ಕೊಡಿ. ಚುಚ್ಚಿದರೆ ಉಗಿದು ಬಾಯಿ ತೊಳೆಯಿರಿ, ತಣ್ಣನೆಯ ಹಾಲೋ ಮೊಸರೋ ಕುಡಿದರೆ ಉರಿ ಸ್ವಲ್ಪ ಇಳಿಯುತ್ತದೆ. ಕಚೇರಿ ಹತ್ತಿರ ಇರುವಾಗ ಹೊರಗಡೆ ಕೆಸುವಿನದ್ದು ಏನೂ ಬೇಡ.

ನಾಲಿಗೆ, ತುಟಿ ಊದಿಕೊಂಡರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೊರಡಿ. ತೋಟದ ಎಷ್ಟೋ ಮನೆಗಳಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ, ರಾತ್ರಿ ಮಂಜಿನಲ್ಲಿ ದಾರಿಯೂ ಕಾಣುವುದಿಲ್ಲ. 108ಕ್ಕೆ ಕರೆ ಮಾಡಲು ಸಿಗ್ನಲ್ ಎಲ್ಲಿ ಸಿಗುತ್ತದೆ, ಹತ್ತಿರದ ಆಸ್ಪತ್ರೆ ಯಾವುದು ಅಂತ ಹೋದ ಕೂಡಲೇ ಕೇಳಿಟ್ಟುಕೊಳ್ಳಿ.